ಸತ್ಯಾಂಶ: ರೆಡಿಮೇಡ್ ಗೇಮಿಂಗ್ ಪಿಸಿ ಕೊಂಡರೆ ಟೋಪಿಯೇ?

"ರೆಡಿಮೇಡ್ ಗೇಮಿಂಗ್ ಪಿಸಿ ತಗೊಂಡ್ರೆ ಟೋಪಿ ಬಿತ್ತು ಅಂತಲೇ ಲೆಕ್ಕ, ನೀವೇ ಜೋಡಿಸಿದ್ರೆ ಅರ್ಧ ದುಡ್ಡು ಉಳಿಯುತ್ತೆ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ.

ಸ್ವಲ್ಪ ಉಳಿಯುವುದು ಸಾಮಾನ್ಯ. ಅರ್ಧ ಎನ್ನುವುದು ಉತ್ಪ್ರೇಕ್ಷೆ. ಖರ್ಚಿನ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡ್ (ತೆರೆಯ ಮೇಲೆ ಗೇಮಿನ ಚಿತ್ರ ಮೂಡಿಸುವ ಭಾಗ) ಮತ್ತು ಪ್ರೊಸೆಸರ್‌ನದ್ದು; ಅವನ್ನು ಕಂಪನಿಗಳು ಸಗಟಾಗಿ ಕೊಳ್ಳುತ್ತವೆ, ನಾವು ಬಿಡಿಯಾಗಿ. 2021ರ ಚಿಪ್ ಕೊರತೆಯಲ್ಲಂತೂ ಬಿಡಿ ಕಾರ್ಡ್ ಸರಿಯಾದ ಬೆಲೆಗೆ ಸಿಗದೆ, ಕಾರ್ಡಿಗೋಸ್ಕರವೇ ಇಡೀ ಪಿಸಿ ಕೊಂಡವರಿದ್ದರು.

ಹಾಗಂತ ರೆಡಿಮೇಡ್‌ನವರನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಜಾಹೀರಾತಿನಲ್ಲಿ ಕಾರ್ಡಿನ ಹೆಸರು ದಪ್ಪಕ್ಷರದಲ್ಲಿರುತ್ತದೆ, ಪಿಸಿಗೆ ವಿದ್ಯುತ್ ಒದಗಿಸುವ ಪವರ್ ಸಪ್ಲೈ ಯಾವುದೆಂಬ ಸುಳಿವೇ ಎಷ್ಟೋ ಸಲ ಇರುವುದಿಲ್ಲ. 16 ಜಿಬಿ ರ‍್ಯಾಮ್ ಎಂದಿದ್ದರೆ ಒಂದೇ ಕಡ್ಡಿಯೋ, 8ರ ಎರಡೋ ಕೇಳಿ. ಎರಡಿದ್ದರೆ ಡ್ಯುಯಲ್ ಚಾನೆಲ್, ಅಂದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೇ ಮಾಹಿತಿ ಸಾಗಿಸುತ್ತದೆ; ಮೆಮೊರಿಯ ಬ್ಯಾಂಡ್‌ವಿಡ್ತ್ (ಒಂದು ಸೆಕೆಂಡಿಗೆ ಸಾಗುವ ಮಾಹಿತಿಯ ಪ್ರಮಾಣ) ಹೆಚ್ಚುಕಡಿಮೆ ದುಪ್ಪಟ್ಟು. ಕೆಲವು ಗೇಮ್‌ಗಳಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮದರ್‌ಬೋರ್ಡ್ (ಎಲ್ಲ ಬಿಡಿಭಾಗ ಕೂರುವ ಮುಖ್ಯ ಹಲಗೆ) ಎಟಿಎಕ್ಸ್ ಎಂಬ ಸರ್ವಸಾಮಾನ್ಯ ಅಳತೆಯ ಮಾದರಿಯದೋ, ಕಂಪನಿಯ ಸ್ವಂತ ಆಕಾರದ್ದೋ ಎಂಬುದನ್ನೂ ನೋಡಿ. ಸ್ವಂತ ಆಕಾರದ್ದಾದರೆ ಮುಂದೆ ಅದನ್ನಷ್ಟೇ ಬದಲಿಸುವುದು ತಲೆನೋವು.

ವಾರಂಟಿಯ ಲೆಕ್ಕ ಬೇರೆ. ರೆಡಿಮೇಡ್‌ ಕೆಟ್ಟರೆ ಒಂದೇ ಬಾಗಿಲು ತಟ್ಟಿದರೆ ಸಾಕು. ನೀವೇ ಜೋಡಿಸಿದ್ದು ಆನ್ ಆಗದಿದ್ದರೆ ತಪ್ಪು ಯಾವ ಬಿಡಿಭಾಗದ್ದೆಂದು ಮೊದಲು ನೀವೇ ಪತ್ತೆಹಚ್ಚಬೇಕು. ನನಗದು ಖುಷಿಯ ಕೆಲಸ, ಎಲ್ಲರಿಗೂ ಅಲ್ಲ.