ಗಿಡ್ಡನ ಹೆಸರು ಎಷ್ಟು ಉದ್ದ?

ಶಿವಮೊಗ್ಗ ಸೀಮೆಯಲ್ಲಿ ಒಂದು ವಿಶ್ವವಿದ್ಯಾಲಯ, ಅದರ ಆಟದ ತಂಡಗಳಿಗೆ ‘ಮಲೆನಾಡ ಗಿಡ್ಡ’ ಅಂತ ಹೆಸರು ಎಂದಿಟ್ಟುಕೊಳ್ಳಿ. ಹೆಸರೇನೋ ಒಪ್ಪುವಂಥದ್ದೇ. ಮಲೆನಾಡ ಗಿಡ್ಡ ಅಂದರೆ ಮೂರಡಿ ಎತ್ತರದ ದನದ ತಳಿ, ಜಡಿಮಳೆಯಲ್ಲೂ ಗುಡ್ಡ ಹತ್ತಿ ಮೇಯುತ್ತದೆ. ಬೇಲಿ ಹಾರುವುದರಲ್ಲಿ ಅದನ್ನು ಮೀರಿಸುವ ಕಬಡ್ಡಿ ಆಟಗಾರ ಇನ್ನೂ ಹುಟ್ಟಿಲ್ಲ. ಆದರೆ ಒಂದು ರೈಡಿಗೆ ಸಿಗುವುದು 30 ಸೆಕೆಂಡು. ಗ್ಯಾಲರಿಯಲ್ಲಿ ಕೂತವನಿಗೆ ‘ಮಲೆನಾಡ’ ಅನ್ನುವಷ್ಟು ಪುರುಸೊತ್ತೆಲ್ಲಿ? ‘ಗಿಡ್ಡಾ, ಎಳಿಯೋ!’ ಅಂದ. ಅಲ್ಲಿಗೆ ಸಮಿತಿ ರಚನೆಯಾಯಿತು.

ಮೊಟಕು ಹೆಸರನ್ನು ಅಧಿಕೃತ ಮಾಡಬೇಕೋ ಬೇಡವೋ? ವಾಲಿಬಾಲ್‌ನವರ ತಕರಾರು ನ್ಯಾಯವಾದದ್ದೇ: 2.43 ಮೀಟರ್ ಎತ್ತರದ ನೆಟ್ಟಿನೆದುರು ಎದೆ ಮೇಲೆ ‘ಗಿಡ್ಡ’ ಅಂತ ಬರೆದುಕೊಂಡು ನಿಲ್ಲುವುದು ಹೇಗೆ ಮಾರಾಯ್ರೆ? ಹಿರಿಯ ಸದಸ್ಯರೊಬ್ಬರು ‘ವಾಮನ’ ಅಂತ ತಿದ್ದುಪಡಿ ತಂದರು. ಸಂಸ್ಕೃತದಲ್ಲಿ ಗಿಡ್ಡಗಿದ್ದರೆ ಮರ್ಯಾದೆ ಜಾಸ್ತಿ. ಇನ್ನೊಬ್ಬರು ‘ಮ.ಗಿ.’ ಅಂದರು. ಎದುರಾಳಿ ಹುಡುಗರು ಅದನ್ನು ‘ಮ್ಯಾಗಿ’ ಮಾಡಿ, ‘ಎರಡೇ ನಿಮಿಷ ಸಾಕು’ ಎಂದು ಕೂಗುತ್ತಾರೆ ಅಂತ ಯಾರೋ ಹೇಳಿದ ಮೇಲೆ ಅದೂ ಬಿತ್ತು.

ಅತ್ತ ಶಂಕರಘಟ್ಟದಲ್ಲಿ 1987ರಿಂದ ಇರುವ ವಿಶ್ವವಿದ್ಯಾಲಯದ ಹೆಸರೇ ಮೊಟಕು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅವರು ಕುವೆಂಪು ಆಗಲು ಉಪಸಮಿತಿಯ ವರದಿ ಕಾಯಲಿಲ್ಲ. ಆವರಣಕ್ಕೆ ‘ಜ್ಞಾನಸಹ್ಯಾದ್ರಿ’ ಎಂಬ ಚಂದದ ಹೆಸರಿದೆ; ಬಸ್ಸಿನಲ್ಲಿ ಟಿಕೆಟ್ ಕೇಳುವುದು ಮಾತ್ರ ‘ಶಂಕರಘಟ್ಟ’ ಅಂತಲೇ. ಅಮೆರಿಕದಲ್ಲೂ ಇದೇ ಕಥೆ. ಟೆನ್ನೆಸ್ಸೀ ವಿಶ್ವವಿದ್ಯಾಲಯದ ‘ವಾಲಂಟಿಯರ್ಸ್’ ಜನರ ಬಾಯಲ್ಲಿ ‘ವೋಲ್ಸ್’. ಹೆಣ್ಣುಮಕ್ಕಳ ತಂಡಗಳ ‘ಲೇಡಿ ವೋಲ್ಸ್’ ಹೆಸರನ್ನು 2015ರಲ್ಲಿ ಬ್ಯಾಸ್ಕೆಟ್‌ಬಾಲ್ ಒಂದಕ್ಕೆ ಉಳಿಸಿ ಬಾಕಿ ಆಟಗಳಿಂದ ಕಿತ್ತರು, 2017ರಲ್ಲಿ ಮತ್ತೆ ಅಂಟಿಸಿದರು.

ಅಂಟಿಸುವ ಮಾತು ಬಂತಲ್ಲ, ನಿಜವಾದ ಗೋಳು ಜೆರ್ಸಿಯದು. ಕಬಡ್ಡಿ ನಿಯಮದಂತೆ ನಂಬರು ಎದೆ ಮೇಲೆ ಕನಿಷ್ಠ 4 ಇಂಚು, ಬೆನ್ನ ಮೇಲೆ 6 ಇಂಚು ಇರಬೇಕು. ಉಳಿದ ಜಾಗದಲ್ಲಿ ವಿಶ್ವವಿದ್ಯಾಲಯದ ಪೂರ್ತಿ ಹೆಸರು, ತಂಡದ ಪೂರ್ತಿ ಹೆಸರು, ಲಾಂಛನ. ಇಂಗ್ಲಿಷಿನ ಹಾಗೆ ಸಾಲುಗಳನ್ನು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ‘ವಿಶ್ವವಿದ್ಯಾಲಯ’ ಒಂದರಲ್ಲೇ ಎರಡು ಒತ್ತು! ಕಚೇರಿಯಿಂದ ಹೋಗುವ ಫೈಲು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟೇ ಇಲ್ಲ. ಯುನಿಕೋಡಿನಲ್ಲಿ ಕೊಟ್ಟರೆ ಹಳೆಯ ಡಿಸೈನ್ ಸಾಫ್ಟ್‌ವೇರು ಒತ್ತನ್ನು ಬಿಡಿಸಿ ‘ಗಿಡ್‌ಡ’ ಮಾಡುತ್ತದೆ. ಅಕ್ಷರವನ್ನು ಕರ್ವ್ಸ್‌ಗೆ, ಅಂದರೆ ಫಾಂಟೇ ಬೇಡದ ಬರೀ ಗೆರೆಚಿತ್ರಕ್ಕೆ, ಬದಲಿಸಿ ಕಳಿಸಿದರೆ ತೀರಿತು. ಅದಕ್ಕೆ ಸಮಿತಿ ಬೇಡ, ಒಂದು ಕ್ಲಿಕ್ಕು ಸಾಕು. ಹಾಗಾಗಿಯೇ ಯಾರೂ ಮಾಡುವುದಿಲ್ಲ.

ಮುಂದಿನದು ವಿನೈಲ್, ಅಂದರೆ ಅಕ್ಷರ ಕತ್ತರಿಸಿ ಬಿಸಿಯಿಂದ ಬಟ್ಟೆಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ. ಸುಮಾರು 150 ಡಿಗ್ರಿಯಲ್ಲಿ 10–15 ಸೆಕೆಂಡು ಒತ್ತಬೇಕು. ಅದಕ್ಕೂ ಮೊದಲು ಬರೀ ಬಟ್ಟೆಯನ್ನು ಮೂರ್ನಾಲ್ಕು ಸೆಕೆಂಡು ಕಾಯಿಸಿ ತೇವ ಹಾರಿಸಬೇಕು. ಆಷಾಢದ ಮಲೆನಾಡಿನಲ್ಲಿ ಬೀರುವಿನೊಳಗಿನ ಬಟ್ಟೆಯೂ ಹಸಿಯೇ. ಆ ಹಂತ ಬಿಟ್ಟರೆ ಅಂಟು ಹಿಡಿಯುವುದಿಲ್ಲ. ಮೊದಲು ಕಿತ್ತುಬರುವುದು ಅತಿ ಸಣ್ಣ ತುಂಡು, ಅಂದರೆ ‘ಡ’ ಕೆಳಗಿನ ಬಿಡಿ ಒತ್ತು. ಎರಡು ಒಗೆತಕ್ಕೆ ‘ಗಿಡ್ಡ’ ಹೋಗಿ ‘ಗಿಡ’.

ಮೈಕಿನವನು ಜೆರ್ಸಿ ನೋಡಿಯೇ ಓದಿದ: ‘ಈಗ ಅಂಕಣಕ್ಕೆ ಮಲೆನಾಡ ಗಿಡ.’ ಗ್ಯಾಲರಿಗೆ ಇದು ಇನ್ನೂ ಸಲೀಸಾಯಿತು. ಸಸ್ಯಶಾಸ್ತ್ರ ವಿಭಾಗದವರು ಬೆಂಬಲ ಪತ್ರ ಕೊಟ್ಟಿದ್ದಾರೆ, ಪಶುಪಾಲನೆಯವರು ಆಕ್ಷೇಪ ಸಲ್ಲಿಸಿದ್ದಾರೆ. ಬಿದ್ದುಹೋದ ಒತ್ತನ್ನು ಹುಡುಕಲು ಉಪಸಮಿತಿ ನೇಮಕವಾಗಿದೆ. ಅದಕ್ಕೇನು ಹೆಸರಿಡಬೇಕು ಅಂತ ಚರ್ಚೆ ಇನ್ನೂ ಮುಗಿದಿಲ್ಲ.