ರೀ, ಎಷ್ಟು ಕೂಗಿತು?

"ಕುಕ್ಕರ್ ಮೂರು ಕೂಗಿದ ಮೇಲೆ ಆಫ್ ಮಾಡ್ಬಿಡಿ, ನಾನು ಸ್ನಾನಕ್ಕೆ ಹೋಗ್ತೀನಿ."

ದಿನಾ ಬೆಳಿಗ್ಗೆ ಏಳೂಕಾಲಿನ ಹೊತ್ತಿಗೆ ನಮ್ಮ ಮನೆಗಳಲ್ಲಿ ಹೊರಡುವ ಈ ಆದೇಶದಲ್ಲಿ ತಿಳಿಯದ ಶಬ್ದ ಒಂದೂ ಇಲ್ಲ. ಎಣಿಸಬೇಕಾದ್ದು ಸಾವಿರವಲ್ಲ, ನೂರಲ್ಲ, ಮೂರು. ಅದೂ ಬೀದಿ ತುದಿಯವರೆಗೂ ಕೇಳುವಂತೆ ಕೂಗಿ ಹೇಳುವ ಮೂರು. ಆದರೂ ತಲೆಗೆ ಟವೆಲ್ ಸುತ್ತಿಕೊಂಡು ಬಂದವರು "ಎಷ್ಟು ಕೂಗಿತು?" ಎಂದು ಕೇಳಿದರೆ ಪೇಪರಿನ ಹಿಂದಿನಿಂದ ಬರುವ ಉತ್ತರ ಇಷ್ಟೇ: "ಕೂಗಿತಾ?"

ಇವತ್ತೂ ಅದೇ ಆಯಿತು. ಬೇಳೆ ತಳದಲ್ಲಿ, ನೀರು ಮೇಲೆ, ಇಬ್ಬರಿಗೂ ಪರಿಚಯವೇ ಇಲ್ಲದ ಹಾಗೆ. ಅಷ್ಟರಲ್ಲಿ ಫೋನು ಟಿಂಗ್ ಎಂದಿತು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಗುಲಾಬಿ ಹೂವಿನ ಮೇಲೆ ಬರೆದಿತ್ತು: "ಒತ್ತಡ ಬಿಡಿ, ದೀರ್ಘವಾಗಿ ಉಸಿರಾಡಿ, ಸದಾ ನಗುತ್ತಿರಿ." ಕೈಯಲ್ಲಿ ಸೌಟು ಹಿಡಿದು ನಿಂತವರಿಗೆ ಇಂಥದ್ದನ್ನು ಕಳಿಸಬಾರದು ಅಂತ ಒಂದು ಕಾನೂನಾದರೂ ಬರಬೇಕು.

ಈ ವಿಷಯದಲ್ಲಿ ಕನ್ನಡ ಬಲು ಜಾಣ ಭಾಷೆ. ಕುಕ್ಕರಿನ ಒಳಗಿರುವುದೂ ಒತ್ತಡ, ಅದರ ಮುಂದೆ ನಿಂತವರ ಎದೆಯೊಳಗಿರುವುದೂ ಒತ್ತಡ. ಇಂಗ್ಲಿಷಿನವರು ಎರಡಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದ್ದಾರೆ, ಪಾಪ. ಅವರ 'ಸ್ಟ್ರೆಸ್' ಕೂಡ ತೊಲೆ, ಕಂಬ, ಲೋಹಗಳ ಲೆಕ್ಕ ಹಾಕುವ ಎಂಜಿನಿಯರುಗಳ ಕಡೆಯಿಂದ ಸಾಲ ತಂದ ಮಾತು ಎನ್ನುವವರಿದ್ದಾರೆ. 1936ರಲ್ಲಿ ಮಾಂಟ್ರಿಯಲ್‌ನ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳನ್ನು ಚಳಿಯಲ್ಲಿಟ್ಟ, ಓಡಿಸಿ ದಣಿಸಿದ, ಔಷಧಿ ಚುಚ್ಚಿದ. ಕಾಟ ಯಾವುದಾದರೂ ಸರಿ, ಇಲಿಯ ದೇಹ ಕೆಡುವ ರೀತಿ ಮಾತ್ರ ಒಂದೇ ಎಂದು 'ನೇಚರ್' ಪತ್ರಿಕೆಯಲ್ಲಿ ಬರೆದ. ಆ ಇಲಿಗಳಿಗೆ ಯಾರೂ ಗುಲಾಬಿ ಹೂವು ಕಳಿಸಿದಂತಿಲ್ಲ.

ಆಮೇಲೆ 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಅಮೆರಿಕದ ಇಬ್ಬರು ವೈದ್ಯರು ಬದುಕಿನ ಏರುಪೇರುಗಳಿಗೆ ಮಾರ್ಕ್ಸ್ ಕೊಟ್ಟರು. ಒಟ್ಟು 43 ಘಟನೆಗಳು. ಸಂಗಾತಿಯ ಸಾವಿಗೆ ನೂರಕ್ಕೆ ನೂರು, ಮದುವೆಗೆ 50. ಬಾಸ್ ಜತೆ ತಕರಾರಿಗೆ 23, ಗಂಡನ ಅಥವಾ ಹೆಂಡತಿಯ ಮನೆಯವರ ಜತೆ ತಕರಾರಿಗೆ 29. ಆ ಆರು ಮಾರ್ಕ್ಸಿನ ಅಂತರದ ಬಗ್ಗೆ ನಮ್ಮಲ್ಲಿ ಯಾರೂ ಜಗಳಕ್ಕೆ ಬರಲಾರರು. ರಜೆಗೆ ಹೋಗುವುದಕ್ಕೂ 13 ಇದೆ. ಸೀಟು ಕಾದಿರಿಸಿ, ಚಪಾತಿ ಸುತ್ತಿಕೊಂಡು, ಗ್ಯಾಸ್ ಆಫ್ ಮಾಡಿದೆನಾ ಎಂದು ತುಮಕೂರು ದಾಟಿದ ಮೇಲೆ ನೆನಪಿಸಿಕೊಂಡವರಿಗೆ 13 ಕಡಿಮೆಯೇ ಆಯಿತು. ಕುಕ್ಕರಿಗೆ ಮಾತ್ರ ಒಂದು ಮಾರ್ಕೂ ಇಲ್ಲ.

ಆ ಕೊರತೆಯನ್ನು ಸ್ವಲ್ಪ ತುಂಬಿದ್ದು 1981ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಲಜಾರಸ್ ಮತ್ತು ಜತೆಗಾರರು. ದೊಡ್ಡ ಘಟನೆಗಳ ಲೆಕ್ಕದ ಜತೆಗೆ 117 ಸಣ್ಣ ಕಿರಿಕಿರಿಗಳ ಪಟ್ಟಿ ಹಿಡಿದು ಅವರು ಕ್ಯಾಲಿಫೋರ್ನಿಯಾದ ನಡುವಯಸ್ಸಿನ ನೂರು ಜನರ ಬೆನ್ನು ಹತ್ತಿದರು. ಯಾರ ಮನಸ್ಸು ಎಷ್ಟು ಕೆಟ್ಟಿದೆ ಎಂದು ಹೇಳುವುದರಲ್ಲಿ ದೊಡ್ಡ ದುರಂತಗಳಿಗಿಂತ ದಿನದಿನದ ಈ ಚಿಲ್ಲರೆ ಕಾಟಗಳೇ ವಾಸಿ ಎಂದು ಕಂಡಿತು. ಹೆಚ್ಚು ಜನ ಹೇಳಿಕೊಂಡ ಹತ್ತರಲ್ಲಿ ಸಾಮಾನಿನ ಬೆಲೆ ಏರಿಕೆ ಇತ್ತು, ಮನೆ ರಿಪೇರಿ ಇತ್ತು, ಇಟ್ಟ ವಸ್ತು ಸಿಗದಿರುವುದೂ ಇತ್ತು. ಬೆಟ್ಟ ತಲೆ ಮೇಲೆ ಬಿದ್ದರೆ ನಾಲ್ಕು ಜನ ಬಂದು ಎತ್ತುತ್ತಾರೆ. ಚಪ್ಪಲಿಯೊಳಗಿನ ಕಲ್ಲಿಗೆ ಯಾರು ಬರುತ್ತಾರೆ?

ಇರಲಿ, ನಮ್ಮ ಕಲ್ಲಿಗೆ ಬರೋಣ. ಕೂಗು ಎಣಿಸುವವರಲ್ಲಿ ನಾನಾ ಜಾತಿ. ಒಬ್ಬರು ಮೊದಲ ಕೂಗಿಗೆ ಬೆಚ್ಚಿ ಎದ್ದು, "ಒಂದು!" ಎಂದು ಬಚ್ಚಲುಮನೆಗೆ ಕೇಳುವಂತೆ ಘೋಷಿಸುತ್ತಾರೆ. ಆ ಒಂದರಲ್ಲೇ ಅವರ ಉತ್ಸಾಹ ಖರ್ಚಾಗಿ ಉಳಿದೆರಡು ಅನಾಥವಾಗುತ್ತವೆ. ಇನ್ನೊಬ್ಬರು ನಿವೃತ್ತ ಬ್ಯಾಂಕಿನವರು, ಬಾಯಿಲೆಕ್ಕ ನಂಬುವವರಲ್ಲ, ಕ್ಯಾಲೆಂಡರಿನ ಮೂಲೆಯಲ್ಲಿ ಗೀಟು ಎಳೆಯುತ್ತಾರೆ. ಹಾಲಿನವನ ಲೆಕ್ಕದ ಗೀಟೂ ಅಲ್ಲೇ ಇರುವುದರಿಂದ ತಿಂಗಳ ಕೊನೆಗೆ ಹಾಲಿನವನಿಗೆ ಆರು ಲೀಟರಿನ ದುಡ್ಡು ಜಾಸ್ತಿ ಹೋಗುತ್ತದೆ. ಮೂರನೆಯವರು ಪ್ರಾಮಾಣಿಕರು, ಅಡುಗೆಮನೆ ಬಾಗಿಲಲ್ಲೇ ಕುರ್ಚಿ ಹಾಕಿ ಕೂರುತ್ತಾರೆ. ಅಪಾಯ ಇರುವುದೇ ಇವರಿಂದ.

"ರೀ, ಎಷ್ಟು ಕೂಗಿತು?"

"ಎರಡೂವರೆ."

"ಅರ್ಧ ಹೆಂಗ್ರೀ ಕೂಗುತ್ತೆ?"

"ಮಧ್ಯ ಒಂದ್ಸಲ ಪುಸ್ ಅಂತು. ಅದನ್ನ ಪೂರ್ತಿ ಒಂದು ಅಂತ ಹಿಡೀಲಾ ಬೇಡ್ವಾ, ನೀನೇ ಹೇಳು."

"ಸರಿ, ಆಫ್ ಯಾಕೆ ಮಾಡಿದ್ರಿ?"

"ಇನ್ನರ್ಧ ಮೇಲಿನ ಮನೇದು ಕೂಗ್ತಲ್ಲ."

ಮೇಲಿನ ಮನೆಯ ಕುಕ್ಕರ್ ಕೂಗಿದ್ದಕ್ಕೆ ಕೆಳಗಿನ ಮನೆಯ ಗ್ಯಾಸ್ ಆಫ್ ಆಗುವುದು ಅಪಾರ್ಟ್‌ಮೆಂಟುಗಳ ದಿನನಿತ್ಯದ ಸತ್ಯ. ಏಳೂಕಾಲರಿಂದ ಎಂಟರವರೆಗೆ ಅಡುಗೆಮನೆಗಳ ನಡುವಿನ ಗಾಳಿಗಂಡಿಯ ಪಕ್ಕ ನಿಂತು ನೋಡಿ. ಒಂದು ಕೀಚಲು, ಒಂದು ಗೊಗ್ಗರು, ಒಂದು ರೈಲು ಬಂದಂತೆ ಉದ್ದಕ್ಕೆ ಎಳೆಯುವುದು, ಇನ್ನೊಂದು ಕೂಗದೆ ಸುಮ್ಮನೆ ಬುಸುಗುಡುವುದು. ಹಸುವಿನ ಕೂಗಿನಿಂದಲೇ ತನ್ನ ಹಸು ಯಾವುದೆಂದು ದನ ಕಾಯುವವನು ಹೇಳುತ್ತಾನೆ. ಹದಿನೆಂಟು ವರ್ಷ ಒಂದೇ ಕುಕ್ಕರಿನಲ್ಲಿ ಬೆಂದ ಅನ್ನ ಉಂಡವರಿಗೆ ಅದರ ದನಿ ಗುರುತಿಲ್ಲ. ಕೇಳಿದರೆ, "ಇಷ್ಟಕ್ಕೆಲ್ಲ ಟೆನ್ಷನ್ ಯಾಕೆ ಮಾಡ್ಕೋತೀಯ?" ಎನ್ನುತ್ತಾರೆ. ಟೆನ್ಷನ್ ಮಾಡಿಕೊಳ್ಳುವುದಂತೆ. ಉಪ್ಪಿನಕಾಯಿ ಮಾಡಿಕೊಂಡ ಹಾಗೆ!

ನ್ಯಾಯವಾಗಿ ಹೇಳಬೇಕೆಂದರೆ ತಪ್ಪು ಎಣಿಸುವವರದ್ದಲ್ಲ, ಎಣಿಸಿ ಎಂದವರದ್ದು. ಕೂಗು ಹೊತ್ತಿನ ಅಳತೆಯೇ ಅಲ್ಲ. ಕುಕ್ಕರಿನ ಮೇಲಿನ ವೆಯ್ಟ್ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋದಷ್ಟು ಹೆಚ್ಚು ಒತ್ತಡವನ್ನು ಒಳಗೆ ತಡೆದಿಡುತ್ತದೆ. ಆ ಒತ್ತಡದಲ್ಲಿ ನೀರು 120 ಡಿಗ್ರಿ ಹತ್ತಿರದವರೆಗೂ ಕುದಿಯುವುದಿಲ್ಲ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97ಕ್ಕೇ ಕುದಿದುಬಿಡುತ್ತದೆ. ಮಂಗಳೂರಿನ ನೆಂಟರು ಇಲ್ಲಿಗೆ ಬಂದು ಪಾತ್ರೆಯಲ್ಲಿ ಬೇಳೆ ಇಟ್ಟು ಕಾದು ಸುಸ್ತಾಗುವುದು ಇದಕ್ಕೇ. ಮಿಕ್ಕಿದ ಹಬೆ ವೆಯ್ಟನ್ನು ಎತ್ತಿ ಹೊರಗೆ ನುಗ್ಗಿದಾಗ ಕೂಗು. ಉರಿ ದೊಡ್ಡದಿದ್ದರೆ ಐದು ನಿಮಿಷದಲ್ಲಿ ಮೂರು ಕೂಗು, ಬೇಳೆ ಕಲ್ಲು. ಉರಿ ಸಿಮ್‌ನಲ್ಲಿದ್ದರೆ ಕಾಲು ಗಂಟೆ ಕಳೆದರೂ ಒಂದೂ ಕೂಗದೆ ಇರಬಹುದು, ಒಳಗೆ ಬೇಳೆ ಬೆಣ್ಣೆ. ಕೂಗಿದ್ದೆಲ್ಲ ಬೆಂದದ್ದಲ್ಲ ಎಂಬುದು ಟಿವಿ ಚರ್ಚೆ ನೋಡುವವರಿಗೆ ಗೊತ್ತಿರುವುದೇ.

ಆದ್ದರಿಂದ ಎಣಿಕೆಯ ನೌಕರಿಯನ್ನೇ ರದ್ದು ಮಾಡಿ. ದೊಡ್ಡ ಉರಿಯಲ್ಲಿ ಇಡಿ, ಮೊದಲ ಕೂಗು ಬಂದ ತಕ್ಷಣ ಸಿಮ್ ಮಾಡಿ, ಆಮೇಲೆ ಗಡಿಯಾರ ನೋಡಿ. ಅರ್ಧ ಗಂಟೆ ನೆನೆದ ತೊಗರಿಬೇಳೆಗೆ ಏಳೆಂಟು ನಿಮಿಷ, ನೆನೆಯದಿದ್ದರೆ ಹತ್ತು ಹನ್ನೆರಡು. ಆಫ್ ಮಾಡಿದ ಮೇಲೆ ಇನ್ನೊಂದು ಹತ್ತು ನಿಮಿಷ ಅದರ ತಂಟೆಗೆ ಹೋಗಬೇಡಿ, ಉಳಿದದ್ದು ಅದರ ಪಾಡಿಗೆ ಬೇಯುತ್ತದೆ. ಬೇಳೆ, ಅಕ್ಕಿ ಏನೇ ಇದ್ದರೂ ಕುಕ್ಕರಿನ ಅರ್ಧದ ಮೇಲೆ ತುಂಬಬಾರದು. ತುಂಬಿದರೆ ನೊರೆ ಎದ್ದು ವೆಯ್ಟಿನ ತೂತಿನಿಂದ ಹಳದಿ ಚಿಲುಮೆ ಚಿಮ್ಮಿ ಗೋಡೆಯ ಟೈಲ್ಸಿನ ಮೇಲೆ ಭೂಪಟ ಬರೆಯುತ್ತದೆ. ಬೇಳೆಗೆ ಒಂದು ಚಮಚ ಎಣ್ಣೆ ಬಿಟ್ಟರೆ ನೊರೆ ತಗ್ಗುತ್ತದೆ. ಡಬ್ಬಿ ಜೋಡಿಸಿ ಇಡುವುದಾದರೆ ತಳಕ್ಕೆ ಎರಡು ಲೋಟ ನೀರು, ಜತೆಗೆ ಹಿಂಡಿದ ನಿಂಬೆ ಹೋಳು, ಅಲ್ಯೂಮಿನಿಯಂ ಕಪ್ಪಾಗುವುದಿಲ್ಲ. ಹುಣಸೆ ರಸವನ್ನು ಬೇಳೆ ಬೆಂದ ಮೇಲೇ ಹಾಕಬೇಕು, ಹುಳಿ ಬಿದ್ದರೆ ಬೇಳೆ ಮೆತ್ತಗಾಗಲು ಒಪ್ಪುವುದಿಲ್ಲ. ಬೋರ್‌ವೆಲ್ಲಿನ ಗಡುಸು ನೀರಿಗೂ ಅದೇ ಗುಣ. ಕಾವೇರಿ ನೀರು ಬಾರದ ಬಡಾವಣೆಗಳಲ್ಲಿ ಯಾರ ಬೇಳೆಯೂ ಬೇಯದಿರುವುದಕ್ಕೆ ರಾಜಕೀಯವೊಂದೇ ಕಾರಣವಲ್ಲ.

ಕೂಗದೆ ಪಕ್ಕದಿಂದ ಬುಸುಗುಟ್ಟಿದರೆ ಗ್ಯಾಸ್ಕೆಟ್ ಸಡಿಲ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಹತ್ತು ನಿಮಿಷ ಇಟ್ಟರೆ ಬಿಗಿಯಾಗುತ್ತದೆ, ಆದರೆ ಅದು ಅವತ್ತಿನ ಮಟ್ಟಿಗೆ. ಬಗ್ಗಿಸಿದರೆ ಬಿರುಕು ಕಾಣುವ ಗ್ಯಾಸ್ಕೆಟ್ಟನ್ನು ಎಸೆಯಿರಿ. ಹೊಸದು ತರಬೇಕಾದರೆ ಮುಚ್ಚಳವನ್ನೇ ಅಂಗಡಿಗೆ ಒಯ್ಯಿರಿ. "ಐದು ಲೀಟರಿಂದು ಕೊಡಿ" ಎಂದು ತಂದದ್ದು ಕೂತ ಇತಿಹಾಸವಿಲ್ಲ. ವೆಯ್ಟ್ ಕೂರುವ ಕೊಳವೆಯನ್ನು ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ. ಒಂದು ಅಗುಳು ಅಡ್ಡ ಕೂತರೆ ಹಬೆಗೆ ದಾರಿ ಇಲ್ಲ, ಸೇಫ್ಟಿ ವಾಲ್ವ್ ಒಂದೇ ಗತಿ. 1679ರಲ್ಲಿ ಇಂಥ ಪಾತ್ರೆಯನ್ನು ಮೊದಲು ಮಾಡಿದ ಡೆನಿ ಪಾಪೆಂ ಎಂಬ ಫ್ರೆಂಚ್ ಮಹಾಶಯನೇ ಅದಕ್ಕೊಂದು ವಾಲ್ವನ್ನೂ ಸೇರಿಸಿದ. ಒತ್ತಡ ಹುಟ್ಟಿಸಿದವರೇ ಅದಕ್ಕೆ ದಾರಿಯನ್ನೂ ಮಾಡಿಕೊಟ್ಟ ಉದಾಹರಣೆ ಆಫೀಸುಗಳಲ್ಲಿ ಇನ್ನೂ ಸಿಕ್ಕಿಲ್ಲ.

ಈಗ ಗುಲಾಬಿ ಹೂವಿನ 'ದೀರ್ಘವಾಗಿ ಉಸಿರಾಡಿ'. ಸಿಟ್ಟು ಬರುವುದು ಸಲಹೆಗಲ್ಲ, ಅದನ್ನು ಅರ್ಧಕ್ಕೇ ನಿಲ್ಲಿಸಿದ್ದಕ್ಕೆ. ಎಷ್ಟು ದೀರ್ಘ? ಒಳಕ್ಕೋ, ಹೊರಕ್ಕೋ? ಹೇಳದೆ ಬಿಟ್ಟರೆ ಜನ ಎದೆಯುಬ್ಬಿಸಿ ಬಸಬಸ ಎಳೆಯುತ್ತಾರೆ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಹಾರ್ಟ್ ಅಟ್ಯಾಕೇ ಬಂತೆಂದು ಹೊಸದೊಂದು ಒತ್ತಡ ಶುರುವಾಗುತ್ತದೆ. ಗುಟ್ಟಿರುವುದು ಹೊರಬಿಡುವುದರಲ್ಲಿ. ಉಸಿರು ಒಳಗೆ ಹೋಗುವಾಗ ಎದೆಬಡಿತ ತುಸು ಏರುತ್ತದೆ, ಹೊರಗೆ ಹೋಗುವಾಗ ಇಳಿಯುತ್ತದೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಕ್ಕೆ, ಆರು ಎಣಿಸುವಷ್ಟು ಹೊತ್ತು ಹೊರಕ್ಕೆ. ನಿಮಿಷಕ್ಕೆ ಆರು ಉಸಿರಾಯಿತು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು ಲ್ಯಾಟಿನ್ ಜಪಮಾಲೆಯಾಗಲಿ, ಬೌದ್ಧ ಮಂತ್ರವಾಗಲಿ, ಪಠಿಸುವವರ ಉಸಿರು ತಾನಾಗಿ ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಯುತ್ತದೆ ಎಂದು ತೋರಿಸಿತು. ಮಣಿ ಎಣಿಸುತ್ತ ಕೂತ ಅಜ್ಜಿಯರನ್ನು ಕೆಲಸವಿಲ್ಲದವರು ಎಂದವರು ಒಮ್ಮೆ ಕ್ಷಮೆ ಕೇಳಬೇಕು.

ಇನ್ನೂ ಸುಲಭದ್ದು ನಿಟ್ಟುಸಿರು. ಮೂಗಿನಿಂದ ಪೂರ್ತಿ ಒಳಕ್ಕೆ, ಅದರ ಮೇಲೆ ಇನ್ನೊಂದು ಪುಟ್ಟ ಗುಟುಕು, ಆಮೇಲೆ ಬಾಯಿಂದ ನಿಧಾನಕ್ಕೆ ಉದ್ದವಾಗಿ ಹೊರಕ್ಕೆ. ದಿನಕ್ಕೆ ಐದು ನಿಮಿಷ ಹೀಗೆ ಒಂದು ತಿಂಗಳು ಮಾಡಿದವರ ಮನಸ್ಸು, ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಹೆಚ್ಚು ಗೆಲುವಾಯಿತೆಂದು 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಪ್ರಕಟಿಸಿದರು. ಸಂತೆಯಿಂದ ಬಂದು ಚೀಲ ಇಳಿಸಿ, ಜಗಲಿಯ ಕಂಬಕ್ಕೆ ಒರಗಿ, "ಉಸ್ಸಪ್ಪಾ" ಎನ್ನುತ್ತಿದ್ದವರಿಗೆ ಯಾರೂ ಯಾವ ಜರ್ನಲ್ಲನ್ನೂ ತೋರಿಸಿರಲಿಲ್ಲ. ಒಂದು ಎಚ್ಚರಿಕೆ ಮಾತ್ರ: ಒಲೆ ಮುಂದೆ ಮಾಡುವುದಾದರೆ ಒಗ್ಗರಣೆಗೆ ಮೊದಲೇ ಮಾಡಿ ಮುಗಿಸಿ. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಕ್ಷಣದಲ್ಲಿ ಎಳೆದ ದೀರ್ಘ ಶ್ವಾಸ ಮಧ್ಯಾಹ್ನದವರೆಗೂ ಕೆಮ್ಮಿಸುತ್ತದೆ.

ಸಿಮ್ ಮಾಡಿದ ಮೇಲಿನ ಎಂಟು ನಿಮಿಷಕ್ಕೆ ನಲವತ್ತೆಂಟು ಉಸಿರು. ಎಣಿಕೆ ತಪ್ಪಿದರೂ ಏನೂ ಸೀಯುವುದಿಲ್ಲ. ಆ ಹೊತ್ತಲ್ಲಿ ಫೋನು ನೋಡದಿರುವುದು ಒಳ್ಳೆಯದು. ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಹೇಗಿದ್ದರೂ ಏರಿಯೇ ಇರುತ್ತದೆ, ಅದರ ಮೇಲೆ ಆಫೀಸಿನ ಗುಂಪನ್ನೂ ಹೇರಬೇಕಾಗಿಲ್ಲ. ಸ್ಕೂಟರ್ ಕೀ, ಕನ್ನಡಕ, ಮಗುವಿನ ಐಡಿ ಕಾರ್ಡು ಮೂರಕ್ಕೂ ಬಾಗಿಲ ಪಕ್ಕ ಒಂದೇ ಮೊಳೆ ಹೊಡೆಯಿರಿ. ಆ ಮೊಳೆಗೆ ಛತ್ರಿ, ತರಕಾರಿ ಚೀಲ, ಹೋದ ವರ್ಷದ ಕ್ಯಾಲೆಂಡರು ನೇತುಹಾಕುವವರನ್ನು ಏನು ಮಾಡಬೇಕೆಂಬುದು ಮನೆಮನೆಗೆ ಬಿಟ್ಟದ್ದು.

ಇಷ್ಟೆಲ್ಲ ಹೇಳಿ ಗಡಿಯಾರ ನೋಡಿ ಎಂದರೂ ನಮ್ಮವರು ಕೂಗು ಬಿಡುವುದಿಲ್ಲ. ಬಿಡಲಾಗದು ಎಂಬುದು ಮನೆ ಬಿಟ್ಟು ದೂರ ಹೋದವರಿಗೆ ಹೆಚ್ಚು ಗೊತ್ತು. ನ್ಯೂಜೆರ್ಸಿಯ ಅಡುಗೆಮನೆಯಲ್ಲಿ ಕರೆಂಟಿನ ಕುಕ್ಕರ್ ಇರುತ್ತದೆ. ಗುಂಡಿ ಒತ್ತಿದರೆ ತಾನೇ ಬೇಯಿಸಿ, ತಾನೇ ಆರಿ, ಸಭ್ಯವಾಗಿ ಮೂರು ಸಲ ಬೀಪ್ ಎನ್ನುತ್ತದೆ. ಬೇಳೆ ಹದವಾಗಿ ಬೆಂದಿರುತ್ತದೆ. ಮನೆ ಮಾತ್ರ ಊಟದ ಹೊತ್ತಿನಲ್ಲೂ ಲೈಬ್ರರಿಯ ಹಾಗಿರುತ್ತದೆ. ಇಲ್ಲಿ ಐದು ಲೀಟರಿನ ಕುಕ್ಕರ್ ಅಟ್ಟ ಸೇರಿ ಮೂರು ಲೀಟರಿನದು ಒಲೆಗೆ ಬಂದಿರುತ್ತದೆ, ಇಬ್ಬರಿಗೆ ಅಷ್ಟು ಸಾಕು.

ಚಳಿಗಾಲದಲ್ಲಿ ಅಲ್ಲಿ ರಾತ್ರಿ ಒಂಬತ್ತಾಗುವಾಗ ಇಲ್ಲಿ ಬೆಳಿಗ್ಗೆ ಏಳೂವರೆ. ಮಗನ ಫೋನು ಬರುವುದು ಆಗಲೇ. ತಾಯಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ತರಕಾರಿ ಹೆಚ್ಚುತ್ತ, ಚಳಿ ಎಷ್ಟಿದೆ, ಸ್ವೆಟರ್ ಹಾಕ್ಕೊಂಡ್ಯಾ, ರಜೆ ಸಿಕ್ತಾ ಎಂದು ಕೇಳುತ್ತಾಳೆ. ಅವನು ಊಂ ಊಂ ಎನ್ನುತ್ತಾನೆ, ಹೆಚ್ಚು ಮಾತಾಡುವುದಿಲ್ಲ. ಹಿಂದೆ ಕುಕ್ಕರ್ ತನ್ನ ಪಾಡಿಗೆ ಕೂಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಜ್ಞಾಪಕ ಬಂದು ತಾಯಿ ನಡುಮನೆಯ ಕಡೆ ತಿರುಗಿ,

"ರೀ, ಎಷ್ಟು ಕೂಗಿತು?"

ಪೇಪರಿನ ಹಿಂದೆ ಸದ್ದಿಲ್ಲ. ಸಕ್ಕರೆ ಡಬ್ಬಿಯ ಕಡೆಯಿಂದ ಬರುತ್ತದೆ:

"ನಾಲ್ಕಾಯ್ತಮ್ಮ. ಆಫ್ ಮಾಡು."