54 ತುಂಡು, 54 ಎಲೆ, ಒಂದು ಫ್ಯಾನು

ಇಸ್ಪೀಟ್ ಕಟ್ಟಿನಲ್ಲಿ 52 ಎಲೆ, ಎರಡು ಜೋಕರ್ ಸೇರಿಸಿದರೆ 54. ಲೆಸ್ಲಿ ಸ್ಕಾಟ್ ಎಂಬಾಕೆ 1983ರಲ್ಲಿ ಮಾರುಕಟ್ಟೆಗೆ ತಂದ ಜೆಂಗಾದಲ್ಲೂ ಕಟ್ಟಿಗೆಯ ತುಂಡು 54. ತುಂಡುಗಳಿಂದ ಗೋಪುರ ಕಟ್ಟಿ, ಪಾಳಿಯಂತೆ ಒಂದೊಂದನ್ನೇ ಹಿರಿದು ಮೇಲಿಡುವ ಆಟ ಅದು, ಬೀಳಿಸಿದವರು ಸೋತಂತೆ. ಬ್ಯಾಸಗಿ ಸೂಟಿಯಲ್ಲಿ ವಿಜಯಪುರದ ಯಾವ ಮನೆಯಲ್ಲಾದರೂ ನಾಲ್ಕೈದು ಮಕ್ಕಳು ಕೂಡಿದರೆ ಈ ಎರಡು ಡಬ್ಬಿ ಒಂದಾಗದೆ ಇರುವುದಿಲ್ಲ.

ತಯಾರಿ ದೊಡ್ಡದೇನಲ್ಲ. ಇಸ್ಪೀಟು, ಆಟೀನು, ಡೈಮನ್, ಕಳಾವರ್, ಒಂದೊಂದಕ್ಕೆ 13 ತುಂಡಿನಂತೆ ನಾಲ್ಕು ಬಣ್ಣ. ಉಳಿದ ಎರಡು ಜೋಕರ್‌ಗೆ. ಬಣ್ಣ ತುಂಡಿನ ಎರಡು ತುದಿಗೆ ಮಾತ್ರ, ಅದೂ ಸ್ಕೆಚ್ ಪೆನ್ನಿನಲ್ಲಿ. ಉತ್ಸಾಹಕ್ಕೆ ಬಿದ್ದು ಬಾಗಿಲಿಗೆ ಬಳಿದು ಉಳಿದ ಆಯಿಲ್ ಪೇಂಟನ್ನು ನಾಲ್ಕೂ ಮಗ್ಗುಲಿಗೆ ಮೆತ್ತಿದರೆ ತುಂಡುಗಳು ಒಂದಕ್ಕೊಂದು ಅಂಟಿ, ಒಂದನ್ನು ಎಳೆದರೆ ಅದರ ಸಂಸಾರವೇ ಹಿಂದೆ ಬರುತ್ತದೆ.

ಒಂದು ಸಾಲಿಗೆ ಮೂರು ತುಂಡು, ಮೇಲಿನ ಸಾಲು ಅಡ್ಡ. ಹೀಗೆ 18 ಸಾಲು, ಎತ್ತರ ಸುಮಾರು 27 ಸೆಂಟಿಮೀಟರ್. ಎಲೆ ಎತ್ತಿದಾಗ ಬಂದ ಬಣ್ಣದ ತುಂಡನ್ನೇ ಹಿರಿದು ಗೋಪುರದ ತುದಿಯಲ್ಲಿ ಇಡಬೇಕು. ಬೆಸ ಸಂಖ್ಯೆಗೆ ಎಡಗೈ, ಸಮ ಸಂಖ್ಯೆಗೆ ಬಲಗೈ. ಗುಲಾಮ ಬಂದರೆ ಪಾಳಿ ಪಕ್ಕದವರಿಗೆ, ರಾಣಿಗೆ ಎರಡು ತುಂಡು, ರಾಜನಿಗೆ ಆಟ ಉಲ್ಟಾ ಸುತ್ತು. ಜೋಕರ್‌ಗೆ ಯಾವ ಬಣ್ಣವೂ ನಡೆಯುತ್ತದೆ. ಬಂದ ಬಣ್ಣದ ತುಂಡು ಅಲುಗದಿದ್ದರೆ ಇನ್ನೊಂದು ಎಲೆ ಎತ್ತಬಹುದು, ಆದರೆ ಮೂರು ತುಂಡನ್ನಾದರೂ ಮುಟ್ಟಿ ನೋಡಿರಬೇಕು. ಈ ಷರತ್ತು ಹಾಕದಿದ್ದರೆ ಎಲ್ಲರೂ ಬೆರಳೇ ತಾಗಿಸದೆ ‘ಒಂದೂ ಬರವಲ್ದು’ ಅನ್ನುತ್ತಾರೆ.

ತುಂಡುಗಳ ದಪ್ಪ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ. ದಪ್ಪದವು ಭಾರ ಹೊರುತ್ತವೆ, ತೆಳುವಾದವು ನೌಕರಿ ಕಾಯಂ ಆದವರಂತೆ ಆರಾಮಾಗಿ ಕೂತಿರುತ್ತವೆ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸರಿಯುವುದು ಇವೇ. ಒಂದು ಹೊರಬಿದ್ದ ಕೂಡಲೇ ಭಾರ ಬೇರೆ ಕಡೆ ವಾಲುತ್ತದೆ, ಹಿಂದಿನ ಪಾಳಿಯಲ್ಲಿ ಸಡಿಲಿದ್ದದ್ದು ಬಿಗಿಯುತ್ತದೆ. ಸಾಲಿನ ನಡುವಿನ ತುಂಡು ಹೋಗಿದ್ದರೆ ಆ ಸಾಲನ್ನು ಮತ್ತೆ ಮುಟ್ಟಬಾರದು. ಒಂದು ಮಗ್ಗುಲಿನದು ಹೋಗಿದ್ದರೆ ಇನ್ನೊಂದು ಮಗ್ಗುಲನ್ನೂ ತೆಗೆದು ನಡುವಿನದರ ಮೇಲೆ ನಿಲ್ಲಿಸಬಹುದು, ಧೈರ್ಯ ಇದ್ದವರು.

ಇಷ್ಟೆಲ್ಲ ಲೆಕ್ಕ ತಿಳಿದ ಜಾಣನ ಸೊಕ್ಕು ಮುರಿಯಲಿಕ್ಕೇ ಎಲೆಗಳಿರುವುದು. ಕಣ್ಣಿಟ್ಟದ್ದು ಸಡಿಲಾದ ಕಳಾವರ್, ಬಂದದ್ದು ಆಟೀನ್ ರಾಣಿ.

ಇನ್ನು ಮನೆಯ ಕಾಟ. ಏಪ್ರಿಲ್‌ನಲ್ಲಿ 40 ಡಿಗ್ರಿ. ಫ್ಯಾನು ಹಚ್ಚಿದರೆ ಎಲೆಗಳು ಮಂಚದ ಕೆಳಗೆ, ಆರಿಸಿದರೆ ಬೆವರಿನ ಕೈಗೆ ಎರಡೆರಡು ಎಲೆ. ಆಡಿದ ಎಲೆಗಳ ಮೇಲೆ ಅಡಕೊತ್ತು ಹೇರಿ ಫ್ಯಾನನ್ನು ಒಂದಕ್ಕಿಟ್ಟರೆ ಹೇಗೋ ನಡೆಯುತ್ತದೆ. ಬಿಗಿದ ತುಂಡಿಗೆ ಕೇರಂ ಪೌಡರ್ ಉದುರಿಸುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ತುಂಡು ಜಾರುತ್ತದೆ ನಿಜ, ಅದರ ಮೇಲಿನ ಹತ್ತು ಸಾಲೂ ಜಾರುತ್ತವೆ.

ಅದೇ ಡಬ್ಬಿ ಮಳೆಗಾಲದಲ್ಲಿ ಬೆಳಗಾವಿಗೆ ಹೋದರೆ ಬೇರೆ ಕತೆ. ಕಟ್ಟಿಗೆ ತೇವ ಕುಡಿದು ಅಗಲ, ದಪ್ಪದಲ್ಲಿ ಉಬ್ಬುತ್ತದೆ, ಉದ್ದ ಮಾತ್ರ ಹೆಚ್ಚುವುದಿಲ್ಲ ಎಂದೇ ಹೇಳಬೇಕು. ತುಂಡಿನ ಉದ್ದ 7.5 ಸೆಂಟಿಮೀಟರ್, ಅಗಲ 2.5. ಮೂರರ ಅಗಲ ಒಂದರ ಉದ್ದಕ್ಕೆ ಸಮ ಬರಬೇಕಾದ ಲೆಕ್ಕ ಅಲ್ಲಿ ತಪ್ಪುತ್ತದೆ. ಒತ್ತಿ ಜೋಡಿಸಿದರೆ ನಡುವಿನದು ಜಪ್ಪಯ್ಯ ಅಂದರೂ ಬರುವುದಿಲ್ಲ. ಕಟ್ಟುವಾಗಲೇ ತುಸು ಸಂದಿ ಬಿಡಬೇಕು.

ಜಾಗ ಆರಿಸುವಾಗ ಫರಸಿಯ ಸಂದಿ ತಪ್ಪಿಸಿ, ಒಂದೇ ಕಲ್ಲಿನ ಮೇಲೆ ಕಟ್ಟಿ. ಅಡುಗೆಮನೆಯಿಂದ ದೂರ ಇದ್ದಷ್ಟೂ ಒಳ್ಳೆಯದು, ಯಾಕೆಂದರೆ ರೊಟ್ಟಿ ಬಡಿಯುವ ಸದ್ದು ಕಿವಿಗಿಂತ ಮೊದಲು ಗೋಪುರಕ್ಕೆ ಕೇಳುತ್ತದೆ. ಇಳಕಲ್ ಸೀರೆಯ ಸೆರಗು ಹಾದುಹೋಗುವ ದಾರಿಯೂ ಬೇಡ. ಹೊರಗಿನ ಕಾರಣಕ್ಕೆ ಬಿದ್ದರೆ ಆಟ ರದ್ದು ಎಂಬ ನಿಯಮವನ್ನಂತೂ ದಯವಿಟ್ಟು ಮಾಡಬೇಡಿ. ಸೋಲುವ ಪಾಳಿ ಬಂದವನು ‘ಅವ್ವಾ, ರೊಟ್ಟಿ ಬಡಿ’ ಎಂದು ಕೂಗುತ್ತಾನೆ. ತುಂಡು ಇಟ್ಟ ಮೇಲೆ ಹತ್ತು ಸೆಕೆಂಡು ಕಾಯಬೇಕು. ಅಷ್ಟರೊಳಗೆ ಯಾರ ದೆಸೆಯಿಂದ ಬಿದ್ದರೂ ಇಟ್ಟವನೇ ಸೋತ.

ಬಿದ್ದ ಮೇಲೆ ಎಣಿಸಿ. 53 ಸಿಕ್ಕರೆ ತಿಜೋರಿಯ ಕೆಳಗೆ ಕಸಬರಿಗೆ ಆಡಿಸಿ. ಅಲ್ಲೂ ಇಲ್ಲದಿದ್ದರೆ ಇನ್ನೆರಡು ತುಂಡು, ಕಳೆದದ್ದೂ ಸೇರಿ ಮೂರಕ್ಕೆ ಸರಿಯಾಗಿ ಮೂರು ಎಲೆ ತೆಗೆದಿಟ್ಟು 17 ಸಾಲಿನ ಗೋಪುರ ಕಟ್ಟಬಹುದು. ಬಡಿಗೇರರಿಂದ ಹೊಸ ತುಂಡು ಮಾಡಿಸಿದರೆ ಅದು ತುಸು ದಪ್ಪವಾಗಿಯೇ ಬರುತ್ತದೆ. ಅದನ್ನು ಎಲ್ಲಕ್ಕಿಂತ ಮೇಲಿನ ಸಾಲಿಗೆ ಹಾಕಿ.